ವರ್ಡ್‌ಪ್ರೆಸ್‌ನಲ್ಲಿ ಕಸ್ಟಮ್ ಫೀಲ್ಡ್ ಪ್ರಕಾರ ಪೋಸ್ಟ್ ಸಾರ್ಟ್ ಮಾಡುವುದು: ಯಾವ ದಾರಿ ಯಾರಿಗೆ?

ಕರ್ನಾಟಕದ ಜಲಪಾತಗಳ ಬಗ್ಗೆ ಒಂದು ವರ್ಡ್‌ಪ್ರೆಸ್ ಬ್ಲಾಗ್ ಇದೆ ಅಂದುಕೊಳ್ಳಿ. ಒಂದೊಂದು ಜಲಪಾತಕ್ಕೆ ಒಂದೊಂದು ಪೋಸ್ಟ್. ಪ್ರತಿ ಪೋಸ್ಟಿಗೂ ‘ಎತ್ತರ’ ಅನ್ನುವ ಕಸ್ಟಮ್ ಫೀಲ್ಡ್, ಅಂದರೆ ನೀವೇ ಸೇರಿಸಿದ ಹೆಚ್ಚುವರಿ ಮಾಹಿತಿಯ ಖಾನೆ. ಜೋಗ 253 ಮೀಟರ್, ಮಾಗೋಡು 200, ಉಂಚಳ್ಳಿ 116, ಗೋಕಾಕ 52, ಸಾತೊಡ್ಡಿ 15. ಎತ್ತರದ್ದು ಮೊದಲು ಬರಲಿ ಅಂತ ಇಳಿಕೆ ಕ್ರಮ ಕೇಳಿದಿರಿ. ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ ಗೋಕಾಕ! ಆಮೇಲೆ ಜೋಗ, ಮಾಗೋಡು, ಸಾತೊಡ್ಡಿ. ಕೊನೆಗೆ ಉಂಚಳ್ಳಿ.

ಡೇಟಾಬೇಸ್‌ನದೇನೂ ತಪ್ಪಿಲ್ಲ. ಅದು ಇವನ್ನು ಸಂಖ್ಯೆ ಅಂತ ನೋಡದೆ ಅಕ್ಷರ ಅಂತ ನೋಡಿತು. 5 ಅನ್ನುವ ಅಕ್ಷರ 2ಕ್ಕಿಂತ ದೊಡ್ಡದು, ಹಾಗಾಗಿ 52 ಮೇಲೆ, 253 ಕೆಳಗೆ. 15 ಮತ್ತು 116ರಲ್ಲಿ ಮೊದಲ ಅಕ್ಷರ ಒಂದೇ. ಎರಡನೆಯದರಲ್ಲಿ 5 ದೊಡ್ಡದು, ಅದಕ್ಕೇ ಸಾತೊಡ್ಡಿ ಉಂಚಳ್ಳಿಯನ್ನು ಮೀರಿಸಿತು. ಬೆಟ್ಟಗಳ ಬ್ಲಾಗ್ ಆಗಿದ್ದರೆ ಇದು ಬಹಳ ದಿನ ಕಣ್ಣಿಗೇ ಬೀಳುತ್ತಿರಲಿಲ್ಲ. ಮುಳ್ಳಯ್ಯನಗಿರಿ, ಕೊಡಚಾದ್ರಿ, ನಂದಿ ಬೆಟ್ಟ, ಸಾವನದುರ್ಗ, ಎಲ್ಲವೂ ಸಾವಿರ ಮೀಟರ್ ದಾಟಿದವು, ನಾಲ್ಕಂಕಿಯವು. ಅಂಕಿಗಳ ಸಂಖ್ಯೆ ಒಂದೇ ಇದ್ದಾಗ ಅಕ್ಷರದ ಲೆಕ್ಕವೂ ಸಂಖ್ಯೆಯ ಲೆಕ್ಕವೂ ಒಂದೇ ಉತ್ತರ ಕೊಡುತ್ತವೆ. ಸಾವಿರಕ್ಕಿಂತ ಕಡಿಮೆಯ ಒಂದು ಗುಡ್ಡ ಸೇರಿದ ದಿನ ಪಟ್ಟಿ ಕೆಡುತ್ತದೆ.

ಸರಿ ಮಾಡಲು ದಾರಿಗಳು ಬೇಕಾದಷ್ಟಿವೆ. ಪೋಸ್ಟ್‌ಗಳನ್ನು ಹುಡುಕಿ ತರುವ ವರ್ಡ್‌ಪ್ರೆಸ್‌ನದೇ ಡಬ್ಲ್ಯುಪಿ ಕ್ವೆರಿ, ಅದನ್ನು ತಿದ್ದುವ ಫಿಲ್ಟರ್, ನೇರ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ), ಪಿಎಚ್‌ಪಿಯಲ್ಲಿ ಸಾರ್ಟ್, ಮೆನು ಆರ್ಡರ್, ಸ್ವಂತ ಟೇಬಲ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಂದೆರಡು ಸಾವಿರ ಪೋಸ್ಟಿನ ಒಳಗಿನ ಬ್ಲಾಗಿಗೆ ಡಬ್ಲ್ಯುಪಿ ಕ್ವೆರಿ ಧಾರಾಳವಾಗಿ ಸಾಕು. ಯಾವ ಕ್ವೆರಿ ಬರೆದಿರಿ ಅನ್ನುವುದಕ್ಕಿಂತ ಫೀಲ್ಡಿನೊಳಗೆ ಏನು ತುಂಬಿದ್ದೀರಿ ಅನ್ನುವುದೇ ಜಾಸ್ತಿ ಮುಖ್ಯ. ಜನ ನೇರ ಎಸ್‌ಕ್ಯೂಎಲ್‌ಗೆ ಹಾರುವುದು ಹೆಚ್ಚಿನ ಸಲ ಅನಗತ್ಯ.

ಒಂದು ಮಾತು. ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಟೈಪ್ ಮಾಡಿ. ಆರ್ಡರ್‌ಬೈ ಕೂಡಿಸಿ ಬರೆಯುವ ಒಂದೇ ಪದ. ಎಸ್‌ಕ್ಯೂಎಲ್‌ನ ‘ಆರ್ಡರ್ ಬೈ’, ‘ಈಸ್ ನಲ್’, ‘ನಾಟ್ ಎಕ್ಸಿಸ್ಟ್ಸ್’ ಇವುಗಳ ನಡುವೆ ಅಂಡರ್‌ಸ್ಕೋರ್ ಬದಲು ಖಾಲಿ ಜಾಗ.

## ಫೀಲ್ಡಿನ ಮೌಲ್ಯ ಕೂತಿರುವುದು ಎಲ್ಲಿ?

ಪೋಸ್ಟಿನ ಶೀರ್ಷಿಕೆ, ಬರಹ, ದಿನಾಂಕ ಎಲ್ಲ ಪೋಸ್ಟ್ಸ್ ಟೇಬಲ್‌ನಲ್ಲಿರುತ್ತವೆ. ಕಸ್ಟಮ್ ಫೀಲ್ಡ್ ಅಲ್ಲಿರುವುದಿಲ್ಲ, ಅದು ಪೋಸ್ಟ್‌ಮೆಟಾ ಅನ್ನುವ ಬೇರೆ ಟೇಬಲ್‌ಗೆ ಹೋಗುತ್ತದೆ. ಅದರಲ್ಲಿ ನಾಲ್ಕೇ ಕಾಲಮ್: ಮೆಟಾ ಐಡಿ, ಪೋಸ್ಟ್ ಐಡಿ, ಮೆಟಾ ಕೀ, ಮೆಟಾ ವ್ಯಾಲ್ಯೂ. ಕೀ ಅಂದರೆ ಫೀಲ್ಡಿನ ಹೆಸರು, ವ್ಯಾಲ್ಯೂ ಅಂದರೆ ಒಳಗಿನ ಮೌಲ್ಯ. ಒಂದು ಪೋಸ್ಟಿಗೆ ಎತ್ತರ, ಪ್ರವೇಶ ಶುಲ್ಕ, ಬೆಂಗಳೂರಿನಿಂದ ದೂರ, ಕೊನೆಯ ಭೇಟಿಯ ದಿನಾಂಕ ಅಂತ ನಾಲ್ಕು ಫೀಲ್ಡ್ ಇದ್ದರೆ ಇಲ್ಲಿ ನಾಲ್ಕು ಸಾಲು. ಎಸಿಎಫ್ (ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್) ಪ್ಲಗಿನ್ ಬಳಸಿದ್ದರೆ ಎಂಟು, ಯಾಕೆಂದರೆ ಅದು ಪ್ರತಿ ಫೀಲ್ಡಿಗೂ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಇನ್ನೊಂದು ಸಾಲನ್ನು ತನ್ನ ಗುರುತಿಗೆ ಅಂತ ಇಟ್ಟುಕೊಳ್ಳುತ್ತದೆ.

ಮೆಟಾ ವ್ಯಾಲ್ಯೂ ಕಾಲಮ್‌ನ ಜಾತಿ ಲಾಂಗ್‌ಟೆಕ್ಸ್ಟ್. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಅಕ್ಕಿಯೂ ಸೋಪೂ ಕೈಗಡವೂ ಒಂದೇ ಗೀಟಿನ ಒಳಗೆ. ಎತ್ತರವೂ ಅಲ್ಲೇ, ದಿನಾಂಕವೂ ಅಲ್ಲೇ, ಯಾವುದೋ ಪ್ಲಗಿನ್ ತುರುಕಿದ ಉದ್ದನೆಯ ಸೀರಿಯಲೈಸ್ಡ್ ಪಠ್ಯವೂ ಅಲ್ಲೇ. ಎಲ್ಲವೂ ಪಠ್ಯ.

ಎರಡನೇ ತೊಡಕು ಇಂಡೆಕ್ಸ್, ಅಂದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ. ಪೋಸ್ಟ್ ಐಡಿಗೆ ಇಂಡೆಕ್ಸ್ ಇದೆ. ಮೆಟಾ ಕೀಗೆ ಮೊದಲ 191 ಅಕ್ಷರಗಳವರೆಗೆ ಇದೆ. ಮೆಟಾ ವ್ಯಾಲ್ಯೂಗೆ ಇಲ್ಲವೇ ಇಲ್ಲ. ಹಾಗಾಗಿ ಎತ್ತರದ ಪ್ರಕಾರ ಸಾರ್ಟ್ ಮಾಡು ಅಂದಾಗ ಮೈಎಸ್‌ಕ್ಯೂಎಲ್ (ವರ್ಡ್‌ಪ್ರೆಸ್ ಬಳಸುವ ಡೇಟಾಬೇಸ್) ಆ ಹೆಸರಿನ ಸಾಲುಗಳನ್ನೆಲ್ಲ ಹುಡುಕಿ ತಂದು, ಪೋಸ್ಟ್‌ಗಳ ಜೊತೆ ಜೋಡಿಸಿ, ಆಮೇಲೆ ಕೂತು ಸಾರ್ಟ್ ಮಾಡಬೇಕು. ನಿಮಗೆ ಬೇಕಾದ್ದು ಬರೀ ಹತ್ತು ಪೋಸ್ಟ್ ಆದರೂ ಅಷ್ಟನ್ನೂ ಜೋಡಿಸಿಯೇ ಹತ್ತು ಕೊಡುತ್ತದೆ. ಐನೂರು ಪೋಸ್ಟ್ ಇದ್ದರೆ ಇದು ಲೆಕ್ಕಕ್ಕೇ ಇಲ್ಲದ ಕೆಲಸ. ಐವತ್ತು ಸಾವಿರ ಇದ್ದರೆ ಸರ್ವರ್ ಉಸ್ಸಪ್ಪಾ ಅನ್ನುತ್ತದೆ.

## ಮೊದಲು ಫೀಲ್ಡ್ ಚೊಕ್ಕ ಮಾಡಿ

ಸಂಖ್ಯೆಯ ಪ್ರಕಾರ ಸಾರ್ಟ್ ಮಾಡಲು ವರ್ಡ್‌ಪ್ರೆಸ್ ಮಾಡುವ ಉಪಾಯ ತುಂಬ ಸರಳ. ಮೆಟಾ ವ್ಯಾಲ್ಯೂಗೆ ಸೊನ್ನೆ ಕೂಡಿಸುತ್ತದೆ. ಪಠ್ಯಕ್ಕೆ ಸೊನ್ನೆ ಕೂಡಿಸಿದರೆ ಮೈಎಸ್‌ಕ್ಯೂಎಲ್ ಅದನ್ನು ಸಂಖ್ಯೆ ಮಾಡಲು ನೋಡುತ್ತದೆ. ಎಡಗಡೆಯಿಂದ ಓದುತ್ತಾ ಹೋಗಿ, ಅಂಕಿ ಅಲ್ಲದ್ದು ಸಿಕ್ಕ ಕೂಡಲೇ ನಿಲ್ಲಿಸುತ್ತದೆ. ಇಲ್ಲೇ ಮಜಾ ಇರುವುದು:

253 → 253
253 ಮೀ → 253
1,343 → 1
ಸುಮಾರು 253 → 0
₹50 → 0
೨೫೩ → 0

ಮೂರನೇ ಸಾಲು ನೋಡಿ. ಕೊಡಚಾದ್ರಿಯ ಎತ್ತರವನ್ನು ಅಲ್ಪವಿರಾಮ ಹಾಕಿ ಬರೆದರೆ ಅದು ಒಂದು ಮೀಟರ್ ಬೆಟ್ಟವಾಗುತ್ತದೆ. ಕೊನೆಯ ಸಾಲು ಕನ್ನಡದಲ್ಲಿ ಬರೆಯುವವರಿಗೇ ಮೀಸಲು. ಕನ್ನಡ ಅಂಕಿ ಓದುಗರಿಗೆ ಚೆಂದ, ಆದರೆ ಡೇಟಾಬೇಸ್‌ಗೆ ಅದು ಅಂಕಿಯೇ ಅಲ್ಲ. ಪೋಸ್ಟ್ ಬರೆಯುವವರು ಇಬ್ಬರು ಮೂವರಿದ್ದು ಒಬ್ಬರು 253 ಅಂತಲೂ ಇನ್ನೊಬ್ಬರು ೨೫೩ ಅಂತಲೂ ತುಂಬಿದರೆ ಅರ್ಧ ಪಟ್ಟಿ ತಳಕ್ಕೆ ಬೀಳುತ್ತದೆ. ಎರರ್ ಮೆಸೇಜೂ ಬರುವುದಿಲ್ಲ. ನೋಡುವವರಿಗೆ ಪುಟ ಸರಿಯಾಗೇ ಕಾಣುತ್ತದೆ, ಕ್ರಮ ಮಾತ್ರ ಎಲ್ಲೋ ಎಡವಟ್ಟು.

ಆದ್ದರಿಂದ ಫೀಲ್ಡಿನಲ್ಲಿ ಬರೀ ಇಂಗ್ಲಿಷ್ ಅಂಕಿ ಇರಲಿ. ‘ಮೀಟರ್’ ಅನ್ನುವುದನ್ನೂ ರೂಪಾಯಿ ಚಿಹ್ನೆಯನ್ನೂ ಕನ್ನಡ ಅಂಕಿಯನ್ನೂ ಥೀಮಿನ ಟೆಂಪ್ಲೇಟಿನಲ್ಲಿ, ತೋರಿಸುವಾಗ ಹಾಕಿ. ಎಸಿಎಫ್‌ನಲ್ಲಾದರೆ ಫೀಲ್ಡಿನ ಜಾತಿಯನ್ನು ಟೆಕ್ಸ್ಟ್ ಬದಲು ನಂಬರ್ ಮಾಡಿದರೆ ಅರ್ಧ ತಲೆನೋವು ಹೋಯಿತು.

ದಿನಾಂಕದ್ದೂ ಇದೇ ಕಥೆ. 14-01-2025 ಅಂತ ಇಟ್ಟರೆ ಸಾರ್ಟ್ ಆಗುವುದು ತಾರೀಖಿನ ಪ್ರಕಾರ. ಎಲ್ಲ ತಿಂಗಳ, ಎಲ್ಲ ವರ್ಷದ 14ನೇ ತಾರೀಖುಗಳು ಒಂದೇ ಕಡೆ ಗುಂಪು ಕೂಡುತ್ತವೆ. 2025-01-14 ಅಂತ ವರ್ಷ ಮೊದಲು ಇಟ್ಟರೆ ಅಕ್ಷರದ ಲೆಕ್ಕದಲ್ಲೂ ಕ್ರಮ ಸರಿ ಬರುತ್ತದೆ. ಎಸಿಎಫ್‌ನ ದಿನಾಂಕ ಫೀಲ್ಡ್ ಪರದೆ ಮೇಲೆ ಹೇಗೇ ತೋರಿಸಲಿ, ಒಳಗೆ ಇಡುವುದು 20250114 ಅಂತಲೇ. ಅದು ಸರಿಯಾದ ಅಭ್ಯಾಸ.

ಇನ್ನೊಂದು. ಜಿಲ್ಲೆ, ತಾಲ್ಲೂಕು, ಮಳೆಗಾಲ-ಬೇಸಿಗೆ ಇಂಥವನ್ನು ಕಸ್ಟಮ್ ಫೀಲ್ಡ್ ಮಾಡಬೇಡಿ. ‘ಉತ್ತರ ಕನ್ನಡದ ಜಲಪಾತಗಳು’ ಅಂತ ಸೋಸಿ ತೆಗೆಯುವ ಕೆಲಸಕ್ಕೆ ಟ್ಯಾಕ್ಸಾನಮಿ (ಕೆಟಗರಿ, ಟ್ಯಾಗ್‌ನಂಥ ವರ್ಗೀಕರಣ) ಇದೆ, ಅದಕ್ಕೆ ಸರಿಯಾದ ಇಂಡೆಕ್ಸೂ ಇದೆ. ಸೋಸಲು ಟ್ಯಾಕ್ಸಾನಮಿ, ಸಾರ್ಟ್ ಮಾಡಲು ಫೀಲ್ಡ್. ಇಷ್ಟು ಬೇರೆ ಮಾಡಿಕೊಂಡರೆ ಕ್ವೆರಿಯ ಭಾರ ತಾನಾಗೇ ಇಳಿಯುತ್ತದೆ.

## ಡಬ್ಲ್ಯುಪಿ ಕ್ವೆರಿ: ಹೆಚ್ಚಿನವರ ಉತ್ತರ

ಮೆಟಾ ಕೀಗೆ ಫೀಲ್ಡಿನ ಹೆಸರು ಕೊಡಿ. ಆರ್ಡರ್‌ಬೈಗೆ ‘ಮೆಟಾ ವ್ಯಾಲ್ಯೂ ನಮ್’ ಅಂತ ಕೊಡಿ. ಆರ್ಡರ್‌ಗೆ ಡಿಇಎಸ್‌ಸಿ, ಅಂದರೆ ಇಳಿಕೆ. ಮುಗಿಯಿತು, ಜೋಗ ಮೇಲೆ ಬಂತು. ಕೊನೆಯ ‘ನಮ್’ ಬಿಟ್ಟು ಬರೀ ಮೆಟಾ ವ್ಯಾಲ್ಯೂ ಅಂದರೆ ಮತ್ತೆ ಗೋಕಾಕ ಮೇಲೇರುತ್ತದೆ.

‘ನಮ್’ ಬದಲು ಮೆಟಾ ಟೈಪ್ ಕೊಡುವ ದಾರಿಯೂ ಇದೆ. ನ್ಯೂಮರಿಕ್, ಡೇಟ್, ಡೇಟ್‌ಟೈಮ್, ಡೆಸಿಮಲ್ ಹೀಗೆ. ಇಲ್ಲಿ ಹುಷಾರು. ನ್ಯೂಮರಿಕ್ ಅಂದರೆ ಒಳಗೆ ಸೈನ್ಡ್ ಅಂತ ಬದಲಾಗುತ್ತದೆ, ಅಂದರೆ ಪೂರ್ಣಾಂಕ ಮಾತ್ರ. ಓದುಗರ ರೇಟಿಂಗ್ 4.2, 4.7 ಅಂತ ಇದ್ದರೆ ಎರಡೂ 4 ಆಗಿ ಸಮ ನಿಲ್ಲುತ್ತವೆ. ಬರೀ ಡೆಸಿಮಲ್ ಅಂದರೂ ಸಾಲದು. ಮೈಎಸ್‌ಕ್ಯೂಎಲ್ ಅದನ್ನು ದಶಮಾಂಶ ಇಲ್ಲದ ಡೆಸಿಮಲ್ ಅಂದುಕೊಂಡು 4.7 ಅನ್ನು 5 ಮಾಡುತ್ತದೆ. ಡೆಸಿಮಲ್(10,2) ಅಂತ ಪೂರ್ತಿ ಬರೆಯಬೇಕು. ಸೊನ್ನೆ ಕೂಡಿಸುವ ‘ನಮ್’ ದಾರಿಗೆ ಈ ರಗಳೆ ಇಲ್ಲ, ಅದು ದಶಮಾಂಶವನ್ನು ಹಾಗೇ ಉಳಿಸುತ್ತದೆ. ಒಂದೇ ಫೀಲ್ಡ್ ಇದ್ದರೆ ನಾನು ‘ನಮ್’ ಕಡೆಗೇ.

ಇದನ್ನು ಬರೆಯುವ ಜಾಗ ಯಾವುದು ಅನ್ನುವುದೂ ಮುಖ್ಯ. ಬ್ಲಾಗಿನ ಮುಖ್ಯ ಪಟ್ಟಿ ಅಥವಾ ಕೆಟಗರಿ ಪುಟದ ಕ್ರಮವನ್ನೇ ಬದಲಿಸಬೇಕಾದರೆ ‘ಪ್ರಿ ಗೆಟ್ ಪೋಸ್ಟ್ಸ್’ ಹುಕ್ (ವರ್ಡ್‌ಪ್ರೆಸ್ ಕೆಲಸದ ನಡುವೆ ನಮ್ಮ ಕೋಡ್ ಸಿಕ್ಕಿಸುವ ಕೊಕ್ಕೆ) ಬಳಸಿ. ಇದು ಮುಖ್ಯ ಕ್ವೆರಿಯೇ, ಅಡ್ಮಿನ್ ಪುಟ ಅಲ್ಲವೇ ಅಂತ ಎರಡು ಪರೀಕ್ಷೆ ಇರಲಿ. ಇಲ್ಲದಿದ್ದರೆ ಮೆನು, ವಿಜೆಟ್, ಡ್ಯಾಶ್‌ಬೋರ್ಡ್ ಎಲ್ಲ ಕಡೆ ಎತ್ತರದ ಕ್ರಮ ನುಗ್ಗುತ್ತದೆ. ಪುಟದ ಮೂಲೆಯಲ್ಲಿ ‘ಅತಿ ಎತ್ತರದ ಐದು’ ಅಂತ ಪೆಟ್ಟಿಗೆ ಬೇಕಾದರೆ ಹೊಸ ಡಬ್ಲ್ಯುಪಿ ಕ್ವೆರಿ ಬರೆಯಿರಿ. ಅಲ್ಲಿ ‘ನೋ ಫೌಂಡ್ ರೋಸ್’ ಅನ್ನು ಟ್ರೂ ಮಾಡಿ. ಒಟ್ಟು ಎಷ್ಟು ಪೋಸ್ಟ್ ಇವೆ ಅನ್ನುವ ಲೆಕ್ಕ ಪುಟ ಸಂಖ್ಯೆಗೆ ಬೇಕು, ಐದರ ಪೆಟ್ಟಿಗೆಗೆ ಸುಮ್ನೆ ದಂಡ. ‘ಕ್ವೆರಿ ಪೋಸ್ಟ್ಸ್’ ಅನ್ನುವ ಹಳೇ ಫಂಕ್ಷನ್ ಹೇಳಿಕೊಡುವ ಟ್ಯುಟೋರಿಯಲ್ ಕಂಡರೆ ಮುಚ್ಚಿಬಿಡಿ. ಅದು ಮುಖ್ಯ ಕ್ವೆರಿಯನ್ನು ತುಳಿದು, ಪುಟ ಸಂಖ್ಯೆಗಳನ್ನು ಕೆಡಿಸುತ್ತದೆ.

ಬ್ಲಾಕ್ ಥೀಮ್ ಇರುವವರಿಗೆ: ಕ್ವೆರಿ ಲೂಪ್ ಬ್ಲಾಕಿನ ಸೆಟ್ಟಿಂಗಿನಲ್ಲಿ ಕಸ್ಟಮ್ ಫೀಲ್ಡ್ ಅಂತ ಆಯ್ಕೆ ಇರುವುದಿಲ್ಲ. ‘ಕ್ವೆರಿ ಲೂಪ್ ಬ್ಲಾಕ್ ಕ್ವೆರಿ ವಾರ್ಸ್’ ಫಿಲ್ಟರಿನಲ್ಲಿ ಮೆಟಾ ಕೀ, ಆರ್ಡರ್‌ಬೈ, ಆರ್ಡರ್ ಈ ಮೂರನ್ನು ಸೇರಿಸಬೇಕು.

## ಮಾಯವಾಗುವ ಪೋಸ್ಟ್‌ಗಳು

ಈ ದಾರಿಯ ದೊಡ್ಡ ಗುಂಡಿ ಇದು. ಮೆಟಾ ಕೀ ಕೊಟ್ಟ ಕೂಡಲೇ ವರ್ಡ್‌ಪ್ರೆಸ್ ಎರಡು ಟೇಬಲ್‌ಗಳನ್ನು ಇನ್ನರ್ ಜಾಯಿನ್ ಮಾಡುತ್ತದೆ, ಅಂದರೆ ಎರಡರಲ್ಲೂ ಸಾಲು ಇರುವ ಪೋಸ್ಟ್ ಮಾತ್ರ ಉಳಿಯುತ್ತದೆ. ಎತ್ತರ ತುಂಬದ ಪೋಸ್ಟ್‌ಗಳು ಕೊನೆಗೆ ಹೋಗುವುದಲ್ಲ, ಪಟ್ಟಿಯಿಂದಲೇ ಮಾಯ. ಊರಿನ ಹತ್ತಿರದ ಯಾವುದೋ ಸಣ್ಣ ಅಬ್ಬಿ, ಎತ್ತರ ಅಳೆದವರೇ ಇಲ್ಲ, ಹಾಗಾಗಿ ಆ ಫೀಲ್ಡೇ ಸೇರಿಸಿಲ್ಲ. ಆ ಪೋಸ್ಟ್ ಡೇಟಾಬೇಸ್‌ನಲ್ಲಿದೆ, ಗೂಗಲ್‌ನಲ್ಲೂ ಸಿಗುತ್ತದೆ, ನಿಮ್ಮ ಪಟ್ಟಿಯಲ್ಲಿ ಮಾತ್ರ ಇಲ್ಲ.

ಇದಕ್ಕೆ ಮದ್ದು ಮೆಟಾ ಕ್ವೆರಿ. ಮೇಲಿನ ಮೆಟಾ ಕೀ ತೆಗೆಯಿರಿ. ಅದರ ಬದಲು ‘ಈ ಫೀಲ್ಡ್ ಇದೆ’ ಅಥವಾ ‘ಈ ಫೀಲ್ಡ್ ಇಲ್ಲ’ ಅಂತ ಎರಡು ಷರತ್ತು ಕೊಟ್ಟು, ನಡುವೆ ಆರ್ ಸಂಬಂಧ ಹಾಕಿ. ಎಕ್ಸಿಸ್ಟ್ಸ್ ಒಂದು, ನಾಟ್ ಎಕ್ಸಿಸ್ಟ್ಸ್ ಒಂದು. 2015ರಲ್ಲಿ ಬಂದ ವರ್ಡ್‌ಪ್ರೆಸ್ 4.2ರಿಂದ ಈ ಷರತ್ತುಗಳಿಗೆ ಹೆಸರಿಡಬಹುದು, ಆ ಹೆಸರನ್ನೇ ಆರ್ಡರ್‌ಬೈಗೆ ಕೊಡಬಹುದು.

ಈಗ ಕೇಳಿ, ಹೆಚ್ಚಿನವರು ಎಡವುವ ಜಾಗ. ಆರ್ಡರ್‌ಬೈಗೆ ಯಾವ ಷರತ್ತಿನ ಹೆಸರು ಕೊಡಬೇಕು? ಮೌಲ್ಯ ಇರುವುದು ‘ಎಕ್ಸಿಸ್ಟ್ಸ್’ನಲ್ಲಿ, ಹಾಗಾಗಿ ಅದನ್ನೇ ಕೊಡೋಣ ಅನಿಸುತ್ತದೆ ಅಲ್ವಾ? ಕೊಡಬೇಕಾದ್ದು ‘ನಾಟ್ ಎಕ್ಸಿಸ್ಟ್ಸ್’ನ ಹೆಸರು. ಕಾರಣ ಎಸ್‌ಕ್ಯೂಎಲ್ ತಯಾರಾಗುವ ರೀತಿಯಲ್ಲಿದೆ. ನಾಟ್ ಎಕ್ಸಿಸ್ಟ್ಸ್ ಷರತ್ತಿಗೆ ವರ್ಡ್‌ಪ್ರೆಸ್ ಲೆಫ್ಟ್ ಜಾಯಿನ್ (ಮೆಟಾ ಸಾಲು ಇಲ್ಲದ ಪೋಸ್ಟನ್ನೂ ಉಳಿಸಿಕೊಳ್ಳುವ ಜೋಡಣೆ) ಮಾಡುವಾಗ ಫೀಲ್ಡಿನ ಹೆಸರನ್ನು ಜಾಯಿನ್‌ನ ಒಳಗೇ ಸೇರಿಸುತ್ತದೆ. ಹಾಗಾಗಿ ಆ ಟೇಬಲ್‌ನಲ್ಲಿ ಎತ್ತರ ಇದ್ದರೆ ಎತ್ತರ, ಇಲ್ಲದಿದ್ದರೆ ನಲ್, ಅಂದರೆ ಮೌಲ್ಯವೇ ಇಲ್ಲ. ಎಕ್ಸಿಸ್ಟ್ಸ್ ಷರತ್ತಿನ ಜಾಯಿನ್ ಬರೀ ಪೋಸ್ಟ್ ಐಡಿಯ ಮೇಲೆ. ಎತ್ತರ ಇಲ್ಲದ ಪೋಸ್ಟಿಗೆ ಅಲ್ಲಿ ಶುಲ್ಕವೋ ದೂರವೋ ಯಾವ ಸಾಲು ಬೇಕಾದರೂ ಅಂಟಿಕೊಳ್ಳಬಹುದು. ಪ್ರವೇಶ ಶುಲ್ಕ 50 ಇದ್ದರೆ ಆ ಅಬ್ಬಿ 50 ಮೀಟರ್ ಜಲಪಾತದ ಜಾಗದಲ್ಲಿ, ಗೋಕಾಕದ ಕೆಳಗೆ ಸದ್ದಿಲ್ಲದೆ ಕೂತಿರುತ್ತದೆ.

ನಾಟ್ ಎಕ್ಸಿಸ್ಟ್ಸ್ ಷರತ್ತಿಗೆ ಟೈಪ್ ನ್ಯೂಮರಿಕ್ ಅಂತಲೂ ಹಾಕುವುದನ್ನು ಮರೆಯಬೇಡಿ. ಇಳಿಕೆ ಕ್ರಮದಲ್ಲಿ ಮೈಎಸ್‌ಕ್ಯೂಎಲ್ ನಲ್‌ಗಳನ್ನು ಕೊನೆಗೆ ಹಾಕುತ್ತದೆ, ನಮಗೆ ಬೇಕಾದ್ದೂ ಅದೇ. ಏರಿಕೆ ಕ್ರಮದಲ್ಲಿ ನಲ್‌ಗಳೇ ಮೊದಲು ಬಂದು ಕೂರುತ್ತವೆ. ಅದಕ್ಕೆ ಉತ್ತರ ಡಬ್ಲ್ಯುಪಿ ಕ್ವೆರಿಯೊಳಗೆ ಇಲ್ಲ, ಮುಂದೆ ಬರುವ ಫಿಲ್ಟರಿನಲ್ಲಿದೆ.

ಇಷ್ಟೆಲ್ಲ ಯಾಕೆ, ಎತ್ತರ ಗೊತ್ತಿಲ್ಲದ ಪೋಸ್ಟಿಗೆಲ್ಲ 0 ತುಂಬಿಬಿಟ್ಟರಾಯಿತು ಅನ್ನುವವರೂ ಇದ್ದಾರೆ. ಸಣ್ಣ ಬ್ಲಾಗಿಗೆ ಅದೂ ಸರಿಯೇ. ಟೆಂಪ್ಲೇಟಿನಲ್ಲಿ 0 ಕಂಡರೆ ‘ಅಳೆದಿಲ್ಲ’ ಅಂತ ತೋರಿಸುವ ಒಂದು ಸಾಲು ಬರೆದುಬಿಡಿ, ಕ್ವೆರಿ ಹಗುರವಾಗುತ್ತದೆ.

## ಎರಡು ಫೀಲ್ಡ್, ಒಂದು ಕ್ರಮ

ಪ್ರವೇಶ ಶುಲ್ಕ ಕಡಿಮೆ ಇದ್ದದ್ದು ಮೊದಲು, ಶುಲ್ಕ ಒಂದೇ ಆದರೆ ಎತ್ತರದ್ದು ಮೊದಲು. ಇಂಥ ಆಸೆಗೆ ಹೆಸರಿಟ್ಟ ಷರತ್ತುಗಳೇ ಸರಿ. ಆರ್ಡರ್‌ಬೈಗೆ ಒಂದು ಅರೇ (ಕೋಡಿನ ಪಟ್ಟಿ) ಕೊಟ್ಟು, ಶುಲ್ಕಕ್ಕೆ ಏರಿಕೆ, ಎತ್ತರಕ್ಕೆ ಇಳಿಕೆ ಅಂತ ಬರೆದರಾಯಿತು. ಒಂದೊಂದು ಫೀಲ್ಡಿಗೂ ಪೋಸ್ಟ್‌ಮೆಟಾ ಟೇಬಲ್ ಒಂದೊಂದು ಸಲ ಜಾಯಿನ್ ಆಗುತ್ತದೆ. ಎರಡು, ಮೂರು ಪರವಾಗಿಲ್ಲ. ಐದಾರಕ್ಕೆ ಹೋದರೆ ದಾರಿ ಬದಲಿಸುವ ಹೊತ್ತು ಬಂತು ಅಂತ ತಿಳಿಯಿರಿ.

ಅರೇಯ ಕೊನೆಯಲ್ಲಿ ಪೋಸ್ಟ್ ಐಡಿಯನ್ನೂ ಸೇರಿಸಿ. ಶುಲ್ಕ 50, ಎತ್ತರ 30 ಅಂತ ಹತ್ತು ಪೋಸ್ಟ್ ಸಮ ಇದ್ದರೆ ಅವುಗಳಲ್ಲಿ ಯಾವುದು ಮೊದಲು ಅನ್ನುವುದನ್ನು ಮೈಎಸ್‌ಕ್ಯೂಎಲ್ ಪ್ರತಿ ಸಲ ತನಗೆ ಅನುಕೂಲವಾದ ಹಾಗೆ ತೀರ್ಮಾನಿಸುತ್ತದೆ. ಮೊದಲ ಪುಟದ ಪೋಸ್ಟ್ ಎರಡನೇ ಪುಟದಲ್ಲಿ ಮತ್ತೆ ಬರುವುದು, ಒಂದು ಪೋಸ್ಟ್ ಯಾವ ಪುಟದಲ್ಲೂ ಸಿಗದಿರುವುದು, ಎರಡೂ ಇದರಿಂದಲೇ. ಐಡಿ ಸೇರಿಸಿದರೆ ಸಮ ಅನ್ನುವ ಮಾತೇ ಇರುವುದಿಲ್ಲ.

## ಪಿಎಚ್‌ಪಿಯಲ್ಲಿ ಸಾರ್ಟ್

ಪೋಸ್ಟ್‌ಗಳನ್ನೆಲ್ಲ ತಂದು ‘ಯೂಸಾರ್ಟ್’ನಿಂದ ಜೋಡಿಸುವುದು. ಇದನ್ನು ಕೀಳಾಗಿ ಕಾಣುವವರು ಜಾಸ್ತಿ, ಆದರೆ ಒಂದು ಜಾಗದಲ್ಲಿ ಇದು ಎಲ್ಲಕ್ಕಿಂತ ಸಲೀಸು. ಪಟ್ಟಿ ಚಿಕ್ಕದು, ಪುಟ ಸಂಖ್ಯೆ ಇಲ್ಲ, ಲೆಕ್ಕ ವಿಚಿತ್ರ: ಆಗ. ಉದಾಹರಣೆಗೆ ಓದುಗರು ಈಗ ಇರುವ ಊರಿನಿಂದ ಹತ್ತಿರದ ಜಲಪಾತ ಯಾವುದು ಅಂತ ಅಕ್ಷಾಂಶ ರೇಖಾಂಶದಿಂದ ಲೆಕ್ಕ ಹಾಕುವುದು. ಐವತ್ತು ಪೋಸ್ಟಿಗೆ ಪಿಎಚ್‌ಪಿ ಅದನ್ನು ಚಿಟಿಕೆಯಲ್ಲಿ ಮಾಡುತ್ತದೆ. ಪ್ರತಿ ಪೋಸ್ಟಿನ ಮೆಟಾಗೂ ಒಂದೊಂದು ಕ್ವೆರಿ ಓಡುತ್ತದೆ ಅಂತ ಹೆದರಬೇಡಿ. ಡಬ್ಲ್ಯುಪಿ ಕ್ವೆರಿ ಪೋಸ್ಟ್‌ಗಳನ್ನು ತಂದಾಗಲೇ ಅವುಗಳ ಮೆಟಾವನ್ನೂ ಒಂದೇ ಏಟಿಗೆ ತಂದಿಟ್ಟಿರುತ್ತದೆ.

ಪುಟ ಸಂಖ್ಯೆ ಬಂದ ಕೂಡಲೇ ಈ ದಾರಿ ಮುರಿಯುತ್ತದೆ. ಡೇಟಾಬೇಸ್ ಕೊಟ್ಟ ಹತ್ತನ್ನು ನೀವು ಜೋಡಿಸುತ್ತೀರಿ, ಆ ಹತ್ತು ಮಾತ್ರ ತಮ್ಮೊಳಗೆ ಸರಿಯಾಗುತ್ತವೆ. ಜೋಗ ನಾಲ್ಕನೇ ಪುಟದಲ್ಲೇ ಉಳಿಯುತ್ತದೆ.

## ಫಿಲ್ಟರ್ ಮತ್ತು ನೇರ ಎಸ್‌ಕ್ಯೂಎಲ್

ಡಬ್ಲ್ಯುಪಿ ಕ್ವೆರಿ ತೊಂಬತ್ತು ಭಾಗ ಸರಿ, ಕೊನೆಯ ಹತ್ತು ಭಾಗ ಸಿಗುತ್ತಿಲ್ಲ ಅಂದಾಗ ‘ಪೋಸ್ಟ್ಸ್ ಆರ್ಡರ್‌ಬೈ’ ಅಥವಾ ‘ಪೋಸ್ಟ್ಸ್ ಕ್ಲಾಜಸ್’ ಫಿಲ್ಟರ್ ಹಿಡಿಯಿರಿ. ಏರಿಕೆ ಕ್ರಮದಲ್ಲೂ ಖಾಲಿ ಎತ್ತರ ಕೊನೆಗೆ ಬರಬೇಕು ಅಂದೆನಲ್ಲ, ಅದಕ್ಕೆ ಆರ್ಡರ್ ಬೈ ಭಾಗದ ಮೊದಲಿಗೆ ‘ಮೆಟಾ ವ್ಯಾಲ್ಯೂ ಈಸ್ ನಲ್’ ಅಂತ ಒಂದು ತುಂಡು ಸೇರಿಸಿದರೆ ಸಾಕು. ನಲ್ ಆಗಿದ್ದರೆ ಅದು 1, ಇಲ್ಲದಿದ್ದರೆ 0, ಹಾಗಾಗಿ ಖಾಲಿಯವು ಹಿಂದೆ ಸರಿಯುತ್ತವೆ. ಕೆಲಸ ಆದ ಮೇಲೆ ಫಿಲ್ಟರ್ ತೆಗೆದುಹಾಕಿ. ಇಲ್ಲದಿದ್ದರೆ ಅದೇ ಪುಟದ ಮುಂದಿನ ಕ್ವೆರಿಗಳಿಗೂ ಅಂಟಿಕೊಳ್ಳುತ್ತದೆ, ಆ ಜಾಯಿನ್ ಇಲ್ಲದ ಕ್ವೆರಿಯಲ್ಲಿ ಎರರ್ ಬರುತ್ತದೆ.

ನೇರ ಎಸ್‌ಕ್ಯೂಎಲ್ ಅಂದರೆ ಡೇಟಾಬೇಸ್ ಜೊತೆ ಮಾತಾಡುವ ವರ್ಡ್‌ಪ್ರೆಸ್‌ನ ಡಬ್ಲ್ಯುಪಿಡಿಬಿ ಮೂಲಕ ಪೂರ್ತಿ ಕ್ವೆರಿ ನೀವೇ ಬರೆಯುವುದು. ಕೈ ಬಿಚ್ಚಿ ಬರೆಯಬಹುದು ನಿಜ, ಆದರೆ ವರ್ಡ್‌ಪ್ರೆಸ್ ಸುಮ್ಮನೆ ಮಾಡಿಕೊಡುತ್ತಿದ್ದ ಕೆಲಸಗಳೆಲ್ಲ ಈಗ ನಿಮ್ಮ ತಲೆಗೆ. ಪಬ್ಲಿಶ್ ಆದ ಪೋಸ್ಟ್ ಮಾತ್ರ ಅಂತ ನೀವೇ ಹೇಳಬೇಕು, ಮರೆತರೆ ಡ್ರಾಫ್ಟ್‌ಗಳೂ ಹಳೇ ರಿವಿಷನ್‌ಗಳೂ ಹೊರಬರುತ್ತವೆ. ಟೇಬಲ್‌ಗಳ ಹೆಸರಿನ ಮುಂದಿನ ಪ್ರಿಫಿಕ್ಸ್ ಎಲ್ಲ ಸೈಟಿನಲ್ಲೂ ಒಂದೇ ಇರುವುದಿಲ್ಲ. ಕನ್ನಡ-ಇಂಗ್ಲಿಷ್ ಎರಡು ಭಾಷೆಯ ಪ್ಲಗಿನ್ ಇದ್ದರೆ ಅದು ಡಬ್ಲ್ಯುಪಿ ಕ್ವೆರಿಗೆ ಹಾಕುವ ಭಾಷೆಯ ಸೋಸುವಿಕೆ ನಿಮ್ಮ ಕ್ವೆರಿಗೆ ಸಿಗುವುದಿಲ್ಲ. 2022ರ ವರ್ಡ್‌ಪ್ರೆಸ್ 6.1ರಿಂದ ಡಬ್ಲ್ಯುಪಿ ಕ್ವೆರಿಯ ಫಲಿತಾಂಶ ಆಬ್ಜೆಕ್ಟ್ ಕ್ಯಾಶ್‌ಗೆ (ಮತ್ತೆ ಬಳಸಲು ಎತ್ತಿಡುವ ಜಾಗಕ್ಕೆ) ಹೋಗುತ್ತದೆ. ಆ ಕ್ಯಾಶನ್ನು ಉಳಿಸಿಡುವ ರೆಡಿಸ್‌ನಂಥ ತಂತ್ರಾಂಶ ಇದ್ದರೆ ಅದೇ ಪಟ್ಟಿಗೆ ಮತ್ತೆ ಮತ್ತೆ ಡೇಟಾಬೇಸ್ ತಟ್ಟಬೇಕಿಲ್ಲ. ನೇರ ಎಸ್‌ಕ್ಯೂಎಲ್‌ಗೆ ಆ ಲಾಭವೂ ಇಲ್ಲ.

ಬರೆಯಲೇಬೇಕು ಅಂದರೆ ಹೀಗೆ ಮಾಡಿ. ಎಸ್‌ಕ್ಯೂಎಲ್‌ನಿಂದ ಬರೀ ಪೋಸ್ಟ್ ಐಡಿಗಳನ್ನು ಕ್ರಮವಾಗಿ ತನ್ನಿ. ಆ ಪಟ್ಟಿಯನ್ನು ಡಬ್ಲ್ಯುಪಿ ಕ್ವೆರಿಯ ‘ಪೋಸ್ಟ್ ಇನ್’ಗೆ ಕೊಟ್ಟು (ಇದರ ನಡುವೆ ಎರಡು ಅಂಡರ್‌ಸ್ಕೋರ್), ಆರ್ಡರ್‌ಬೈಗೂ ಅದೇ ಹೆಸರು ಕೊಡಿ. ಕ್ರಮ ನಿಮ್ಮದು, ಉಳಿದ ಜವಾಬ್ದಾರಿ ವರ್ಡ್‌ಪ್ರೆಸ್‌ನದು. ಐಡಿ ಪಟ್ಟಿ ಖಾಲಿ ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ, ಯಾಕೆಂದರೆ ಖಾಲಿ ‘ಪೋಸ್ಟ್ ಇನ್’ ಅಂದರೆ ವರ್ಡ್‌ಪ್ರೆಸ್ ಲೆಕ್ಕದಲ್ಲಿ ಎಲ್ಲ ಪೋಸ್ಟೂ ಬೇಕು ಅಂತ.

ಓದುಗರೇ ‘ಎತ್ತರ’, ‘ಶುಲ್ಕ’, ‘ದೂರ’ ಅಂತ ಕ್ಲಿಕ್ ಮಾಡಿ ಕ್ರಮ ಬದಲಿಸುವ ಸೌಲಭ್ಯ ಕೊಡುವುದಾದರೆ ಇನ್ನೊಂದು ಎಚ್ಚರಿಕೆ. ಯುಆರ್‌ಎಲ್‌ನಿಂದ ಬಂದದ್ದನ್ನು ನೇರವಾಗಿ ಆರ್ಡರ್ ಬೈಗೆ ತುರುಕಬೇಡಿ, ಅದು ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ, ಅಂದರೆ ಹೊರಗಿನವರು ತಮ್ಮ ಎಸ್‌ಕ್ಯೂಎಲ್ ತೂರಿಸುವುದಕ್ಕೆ ಬಾಗಿಲು. ಪ್ರಿಪೇರ್ ಫಂಕ್ಷನ್‌ನಲ್ಲಿ ಪಠ್ಯದ ಗುರುತು ಬಳಸಿದರೆ ಸುರಕ್ಷಿತ, ಆದರೆ ಸಾರ್ಟ್ ಆಗುವುದಿಲ್ಲ. ಕಾಲಮ್‌ನ ಹೆಸರಿಗೆ ಕೋಟ್ಸ್ ಬಿದ್ದು ಅದು ಬರೀ ಒಂದು ಪದವಾಗುತ್ತದೆ, ಎಲ್ಲ ಸಾಲಿಗೂ ಅದೇ ಪದ, ಹಾಗಾಗಿ ಎಲ್ಲವೂ ಸಮ. ಎರರೂ ಇಲ್ಲ, ಕ್ರಮವೂ ಇಲ್ಲ. 2023ರ 6.2 ಆವೃತ್ತಿಯಿಂದ ಕಾಲಮ್‌ನ ಹೆಸರಿಗೆ ಅಂತಲೇ ಬೇರೆ ಗುರುತು ಬಂದಿದೆ. ನನಗೆ ಅದಕ್ಕಿಂತ ಹಳೇ ಕ್ರಮವೇ ಇಷ್ಟ: ಒಪ್ಪುವ ಮೂರು ಹೆಸರು, ಏರಿಕೆ, ಇಳಿಕೆ, ಇಷ್ಟನ್ನು ಒಂದು ಅರೇಯಲ್ಲಿಟ್ಟು, ಬಂದದ್ದು ಅದರಲ್ಲಿ ಇಲ್ಲದಿದ್ದರೆ ಎತ್ತರ ಅಂತ ತಿಳಿದುಕೊಳ್ಳುವುದು.

## ಮೆನು ಆರ್ಡರ್

ಪೋಸ್ಟ್ಸ್ ಟೇಬಲ್‌ನಲ್ಲೇ ಮೆನು ಆರ್ಡರ್ ಅನ್ನುವ ಪೂರ್ಣಾಂಕದ ಕಾಲಮ್ ಒಂದಿದೆ. ಸಂಪಾದಕರು ಕೈಯಾರೆ ಕ್ರಮ ಕೊಡುವ ಪಟ್ಟಿಗೆ, ಅಂದರೆ ‘ನಾವು ಮೆಚ್ಚಿದ ಹತ್ತು’ ಇಂಥದಕ್ಕೆ, ಕಸ್ಟಮ್ ಫೀಲ್ಡ್ ಬೇಡವೇ ಬೇಡ. ಇದನ್ನೇ ಬಳಸಿ. ಜಾಯಿನ್ ಇಲ್ಲ, ಪಠ್ಯದ ಗೊಂದಲ ಇಲ್ಲ, ಪೋಸ್ಟ್ ಮಾಯವಾಗುವುದೂ ಇಲ್ಲ. ಸೇವ್ ಮಾಡುವಾಗ ಎತ್ತರವನ್ನೇ ಇಲ್ಲಿಗೆ ನಕಲು ಮಾಡುವ ಕಿಲಾಡಿಗಳೂ ಇದ್ದಾರೆ. ಒಂದೇ ಫೀಲ್ಡ್, ದಶಮಾಂಶ ಇಲ್ಲ, ಕ್ರಮ ಬದಲಿಸುವ ಡ್ರ್ಯಾಗ್-ಡ್ರಾಪ್ ಪ್ಲಗಿನ್ ಇಲ್ಲ ಅಂದರೆ ಅದು ಕೆಟ್ಟ ಉಪಾಯವೇನಲ್ಲ.

## ಸ್ವಂತ ಟೇಬಲ್ ಯಾವಾಗ?

ಪೋಸ್ಟ್‌ಗಳು ಹತ್ತಾರು ಸಾವಿರ, ಓದುಗರು ಮೂರು ನಾಲ್ಕು ಫೀಲ್ಡ್ ಹಿಡಿದು ಸೋಸುತ್ತಾರೆ, ಸಾರ್ಟ್ ಮಾಡುತ್ತಾರೆ, ಪುಟ ತೆರೆಯಲು ಸೆಕೆಂಡುಗಟ್ಟಲೆ ಆಗುತ್ತಿದೆ. ಆಗ ಪೋಸ್ಟ್‌ಮೆಟಾ ಸಾಕು ಮಾಡಿ. ಪೋಸ್ಟ್ ಐಡಿ, ಎತ್ತರ, ಶುಲ್ಕ, ದೂರ ಅಂತ ಒಂದು ಪೋಸ್ಟಿಗೆ ಒಂದೇ ಸಾಲಿನ ಟೇಬಲ್ ಮಾಡಿ. ಎತ್ತರಕ್ಕೆ ಡೆಸಿಮಲ್ ಜಾತಿ, ದಿನಾಂಕಕ್ಕೆ ಡೇಟ್ ಜಾತಿ, ಸಾರ್ಟ್ ಮಾಡುವ ಕಾಲಮ್‌ಗಳಿಗೆ ಇಂಡೆಕ್ಸ್.

ಆನ್‌ಲೈನ್ ಅಂಗಡಿಯ ಪ್ಲಗಿನ್ ವೂಕಾಮರ್ಸ್ ನಡೆದುಬಂದ ದಾರಿಯೂ ಇದೇ. ವಸ್ತುಗಳ ಬೆಲೆಯೆಲ್ಲ ಪೋಸ್ಟ್‌ಮೆಟಾದಲ್ಲಿದ್ದದ್ದರಿಂದ ಬೆಲೆಯ ಪ್ರಕಾರ ಸಾರ್ಟ್ ಮಾಡುವುದು ದೊಡ್ಡ ಅಂಗಡಿಗಳಿಗೆ ಭಾರವಾಗುತ್ತಿತ್ತು. 2019ರ 3.6 ಆವೃತ್ತಿಯಲ್ಲಿ ಬೆಲೆ, ಸ್ಟಾಕ್, ರೇಟಿಂಗ್, ಮಾರಾಟದ ಸಂಖ್ಯೆ ಇವನ್ನೆಲ್ಲ ನಕಲು ಇಟ್ಟುಕೊಳ್ಳುವ ಲುಕ್‌ಅಪ್ ಟೇಬಲ್ ತಂದರು. ಆಮೇಲೆ ಆರ್ಡರ್‌ಗಳನ್ನೂ ಪೋಸ್ಟ್ ಟೇಬಲ್‌ಗಳಿಂದ ಹೊರಗೆ ಸಾಗಿಸಿದರು. 2023ರ 8.2ರಿಂದ ಹೊಸ ಅಂಗಡಿಗಳಿಗೆ ಆ ವ್ಯವಸ್ಥೆಯೇ ಡಿಫಾಲ್ಟ್.

ಗಮನಿಸಿ, ಲುಕ್‌ಅಪ್ ಟೇಬಲ್ ಅನ್ನುವುದು ನಕಲು. ಮೂಲ ಪೋಸ್ಟ್‌ಮೆಟಾದಲ್ಲೇ ಉಳಿದಿರುತ್ತದೆ. ಇದು ಒಳ್ಳೆಯ ನಡು ದಾರಿ. ಎಡಿಟರ್ ಪರದೆ, ಎಸಿಎಫ್, ಬ್ಯಾಕಪ್ ಎಲ್ಲ ಮೊದಲಿನ ಹಾಗೇ ನಡೆಯುತ್ತವೆ, ಸಾರ್ಟ್‌ಗೆ ಮಾತ್ರ ನಕಲು. ನಕಲು ಹಳಸದಂತೆ ನೋಡಿಕೊಳ್ಳುವುದೇ ಇದರ ಖರ್ಚು. ಅದಕ್ಕೆ ಹೆಚ್ಚಿನವರು ‘ಸೇವ್ ಪೋಸ್ಟ್’ ಹುಕ್ ಹಿಡಿಯುತ್ತಾರೆ, ಆದರೆ ಅದು ಓಡುವ ಹೊತ್ತಿಗೆ ಎಸಿಎಫ್ ತನ್ನ ಹೊಸ ಮೌಲ್ಯ ಬರೆದಿರುತ್ತದೆ ಅಂತ ಖಾತ್ರಿ ಇಲ್ಲ. ‘ಆಡೆಡ್ ಪೋಸ್ಟ್ ಮೆಟಾ’, ‘ಅಪ್‌ಡೇಟೆಡ್ ಪೋಸ್ಟ್ ಮೆಟಾ’, ‘ಡಿಲೀಟೆಡ್ ಪೋಸ್ಟ್ ಮೆಟಾ’ ಈ ಮೂರನ್ನು ಹಿಡಿದರೆ ಎಡಿಟರಿನಿಂದ ಬರಲಿ, ಇಂಪೋರ್ಟ್‌ನಿಂದ ಬರಲಿ, ತಪ್ಪಿಸಿಕೊಳ್ಳುವುದಿಲ್ಲ. ಎಸ್‌ಕ್ಯೂಎಲ್‌ನಿಂದ ನೇರವಾಗಿ ಮೆಟಾ ತಿದ್ದಿದರೆ ಮಾತ್ರ ಯಾವ ಹುಕ್ಕೂ ಕೂಗುವುದಿಲ್ಲ. ಅದಕ್ಕೆ ಅಂತ ಟೇಬಲ್ ಪೂರ್ತಿ ಹೊಸದಾಗಿ ತುಂಬುವ ಒಂದು ಕಮಾಂಡ್ ಬರೆದಿಟ್ಟುಕೊಳ್ಳಿ.

ಆದರೆ ಇಲ್ಲಿಗೆ ಬರುವ ಮೊದಲು ಕ್ವೆರಿ ಮಾನಿಟರ್ ಪ್ಲಗಿನ್ ಹಾಕಿ, ನಿಧಾನ ಆಗುತ್ತಿರುವುದು ಸಾರ್ಟ್‌ನಿಂದಲೇ ಅಂತ ಖಚಿತ ಮಾಡಿಕೊಳ್ಳಿ. ಎಷ್ಟೋ ಸಲ ಕಳ್ಳ ಬೇರೆ ಯಾವುದೋ ಪ್ಲಗಿನ್ ಆಗಿರುತ್ತದೆ. ಆ ಎಸ್‌ಕ್ಯೂಎಲ್ ಅನ್ನು ಪಿಎಚ್‌ಪಿಮೈಅಡ್ಮಿನ್‌ಗೆ ಹಾಕಿ ಮುಂದೆ ಎಕ್ಸ್‌ಪ್ಲೇನ್ ಅಂತ ಸೇರಿಸಿ ಓಡಿಸಿ. ಕೊನೆಯ ಕಾಲಮ್‌ನಲ್ಲಿ ‘ಯೂಸಿಂಗ್ ಟೆಂಪರರಿ’, ‘ಯೂಸಿಂಗ್ ಫೈಲ್‌ಸಾರ್ಟ್’ ಎರಡೂ ಕಂಡು, ರೋಸ್ ಕಾಲಮ್‌ನಲ್ಲಿ ಸಾವಿರಗಟ್ಟಲೆ ಸಂಖ್ಯೆ ಇದ್ದರೆ ಆಗ ಟೇಬಲ್‌ನ ಮಾತು.

## ಹೆಸರಿನ ಪ್ರಕಾರ, ಅದೂ ಕನ್ನಡದಲ್ಲಿ

ಅಕಾರಾದಿ ಕ್ರಮ ಬೇಕು ಅಂದರೆ ಆರ್ಡರ್‌ಬೈಗೆ ಟೈಟಲ್ ಕೊಟ್ಟರಾಯಿತು, ಫೀಲ್ಡೇ ಬೇಡ. ಬಹಳ ಮಟ್ಟಿಗೆ ಸರಿಯಾಗೇ ಬರುತ್ತದೆ. ಎರಡು ಕಡೆ ಕಿರಿಕಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಶೀರ್ಷಿಕೆಗಳೆಲ್ಲ ಕನ್ನಡದವಕ್ಕಿಂತ ಮೊದಲು ಬಂದು ಕೂರುತ್ತವೆ. ಇನ್ನೊಂದು ಳಕಾರ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಕೊನೆಗೆ. ಯೂನಿಕೋಡ್ ಪಟ್ಟಿಯಲ್ಲಿ ಅದು ಲ ಮತ್ತು ವ ನಡುವೆ ಇದೆ, ಡೇಟಾಬೇಸ್ ಕೂಡ ಅದೇ ದಾರಿ ಹಿಡಿದರೆ ಕ್ರಮ ತಪ್ಪುತ್ತದೆ. ನಿಘಂಟಿನ ಕ್ರಮದಲ್ಲಿ ಕವಲೇದುರ್ಗ ಮೊದಲು, ಕಳಸ ಆಮೇಲೆ. ಅಂಥ ಬ್ಲಾಗಿನಲ್ಲಿ ಕಳಸ ಮೊದಲು.

ಓದುಗರಲ್ಲಿ ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ಪದಕೋಶವೋ ಗ್ರಂಥಸೂಚಿಯೋ ಆಗಿದ್ದರೆ ಗಮನಿಸಿಯೇ ಗಮನಿಸುತ್ತಾರೆ. ಅಂಥ ಕಡೆ ‘ಸಾರ್ಟ್ ಹೆಸರು’ ಅಂತ ಒಂದು ಫೀಲ್ಡ್ ಇಡಿ. ಪ್ರತಿ ಅಕ್ಷರಕ್ಕೂ ವರ್ಣಮಾಲೆಯ ಕ್ರಮದಲ್ಲಿ ಎರಡಂಕಿ ಕೊಟ್ಟು, ಶೀರ್ಷಿಕೆಯನ್ನು ಅಂಕಿಗಳ ಸಾಲು ಮಾಡಿ ಸೇವ್ ಮಾಡುವಾಗಲೇ ತುಂಬಿ. ಗುಣಿತದ ಚಿಹ್ನೆಗಳಿಗೆ ವ್ಯಂಜನಗಳಿಗಿಂತ ದೊಡ್ಡ ಅಂಕಿ ಕೊಡಿ, ಆಗ ಕ ಮುಗಿದ ಮೇಲೆ ಕಾ ಬರುತ್ತದೆ. ಈ ಫೀಲ್ಡಿಗೆ ಮಾತ್ರ ಆರ್ಡರ್‌ಬೈಯಲ್ಲಿ ‘ನಮ್’ ಹಾಕಬೇಡಿ. ಹಾಕಿದರೆ ಉದ್ದದ ಹೆಸರುಗಳೆಲ್ಲ ದೊಡ್ಡ ಸಂಖ್ಯೆಗಳಾಗಿ ಕೊನೆಗೆ ಓಡುತ್ತವೆ. ಇಲ್ಲಿ ಬೇಕಾದ್ದು ಅಕ್ಷರದ ಲೆಕ್ಕವೇ, ಬರೀ ಮೆಟಾ ವ್ಯಾಲ್ಯೂ.